ಹತ್ತು ತೊಟ್ಟಿ ಕಾಳು

ಸೊಸೆ ದೊಡ್ಡ ರಸ್ತೆಯ ತನಕ ನಡೆದು ಹೋಗಿ ನೆರೆಹಾನಿ ಸರ್ವೆಯ ಅಧಿಕಾರಿಯನ್ನು ಕರೆದುಕೊಂಡು ಬರುವಷ್ಟರಲ್ಲಿ, ಅತ್ತೆ ಕೋಳಿ ಶೆಡ್ಡಿನ ಗೋಡೆಗೆ ಸುಣ್ಣ ಬಳಿದು ಮುಗಿಸಿದ್ದರು. ನೆರೆ ನೀರು ಎದೆಯೆತ್ತರಕ್ಕೆ ಬಿಟ್ಟು ಹೋಗಿದ್ದ ಕೆಸರಿನ ಗೆರೆ ಮಂಗಮಾಯ. ನೆಲ ತೊಳೆದು ಹೊಸ ಹೊಟ್ಟು ಹರಡಿದ್ದಲ್ಲದೆ, ಬಾಗಿಲ ಬಳಿ ಅಧಿಕಾರಿಗೆಂದು ಕುರ್ಚಿಯನ್ನೂ ಒರೆಸಿಟ್ಟಿದ್ದರು.

ಸೊಸೆ ಓಡಿಬಂದು ಗೋಡೆ ಮುಟ್ಟಿ ನೋಡಿದಳು. "ಅತ್ತೇ, ಏನು ಮಾಡಿಬಿಟ್ರಿ!"

"ಯಾಕೆ? ಸರ್ಕಾರದೋರು ಬರ್ತಾರೆ ಅಂದ್ಯಲ್ಲ. ಗಲೀಜಲ್ಲಿ ಕೂರಿಸ್ಲಾ?"

ಅಧಿಕಾರಿ ಕೂರಲಿಲ್ಲ. ಬೆಳಗಿನಿಂದ ಏಳು ಫಾರಂ ಸುತ್ತಿ ಮೊಣಕಾಲ ತನಕ ಕೆಸರಾಗಿದ್ದ ಆತ, ಫೋನ್ ಹಿಡಿದು ಥಳಥಳಿಸುವ ಗೋಡೆಗಳನ್ನು ನೋಡಿದ. "ಹಾನಿ ಎಲ್ಲಮ್ಮಾ?"

"ಮುನ್ನೂರು ಕೋಳಿ ಇದ್ವು ಸಾರ್. ಅಟ್ಟಕ್ಕೆ ಹಾರಿದ ನಲವತ್ತು ಉಳ್ಕೊಂಡ್ವು. ಮಿಕ್ಕಿದ್ದೆಲ್ಲ ಮುಳುಗಿ ಹೋದ್ವು."

"ಸತ್ತ ಕೋಳಿ?"

"ಕಾಯಿಲೆ ಹರಡುತ್ತೆ, ಒಂದೇ ದಿನದೊಳಗೆ ಹೂಳಿ ಅಂದ್ರು ಪಶು ಆಸ್ಪತ್ರೆಯೋರು. ಹೂತ್ವಿ. ಫೋಟೋ ತೆಗೆಯೋಣ ಅಂದ್ರೆ ಫೋನೂ ನೀರುಪಾಲು."

"ಅವರು ಹೂಳಿ ಅಂತಾರೆ, ನಮ್ಮೋರು ತೋರಿಸಿ ಅಂತಾರೆ." ಆತ ಹಣೆ ಒರೆಸಿಕೊಂಡ. "ನಾನಿಲ್ಲೇ ನಿಂತು ತೆಗೆದ ಫೋಟೋನೇ ಮೇಲಿನ ಆಫೀಸಿಗೆ ಹೋಗಬೇಕು. ಅದರಲ್ಲಿ ಹಾನಿ ಕಾಣದಿದ್ರೆ ತುರ್ತು ಪರಿಹಾರ ಇಲ್ಲ. ಇವತ್ತೇ ಕೊನೇ ದಿನ."

ಪರಿಹಾರ ಬಂದರೆ ಹೊಸ ಮರಿ, ಬಾರದಿದ್ದರೆ ಶೆಡ್ಡಿಗೆ ಬೀಗ. ಗೋದಾಮಿಗೆ ಬಾಡಿಗೆ ಕೊಡೋಣವೆಂದು ಗಂಡ ಆಗಲೇ ಯಾರ ಹತ್ತಿರವೋ ಮಾತಾಡಿದ್ದ. ಅತ್ತೆಯನ್ನು ಹಿಡಿದು ಅಲ್ಲಾಡಿಸಿಬಿಡುವಷ್ಟು ಸಿಟ್ಟು ಬಂತು ಸೊಸೆಗೆ. ಹೊರಗಿನವರ ಎದುರು ಹೇಗೆ ಮಾತಾಡುವುದು?

ಅತ್ತೆ ಬಾಗಿಲಾಚೆ ಬಿಸಿಲು ನೋಡಿ, "ಹೊತ್ತಾಯ್ತು" ಎನ್ನುತ್ತ ಕಾಳಿನ ಬಕೆಟ್ ಎತ್ತಿಕೊಂಡರು.

"ಈಗ ಬೇಡ ಅತ್ತೆ, ನಿಮಗೆ ಕೈ ಮುಗೀತೀನಿ."

ಯಾರು ಕೇಳಬೇಕು? ನೆರೆ ಇಳಿದಾಗಿನಿಂದ ದಿನವೂ ಇದೇ ಗೋಳು. ಅತ್ತೆ ಶೆಡ್ಡಿನ ಉದ್ದಕ್ಕೂ ಇದ್ದ ಹತ್ತು ತೊಟ್ಟಿಗೂ ಕಾಳು ಸುರಿಯುವುದು, ಹಿಂದಿನಿಂದ ಸೊಸೆ ಗೊಣಗುತ್ತ ಅದನ್ನು ಮತ್ತೆ ಮೂಟೆಗೆ ತುಂಬುವುದು. ಇವತ್ತೂ ಅತ್ತೆ ಹತ್ತನ್ನೂ ತುಂಬಿಸಿ, ಕಾಳು ಮೊಗೆಯುವ ಡಬ್ಬಿಯಿಂದ ಬಕೆಟ್ಟಿಗೆ ಟಣ್ ಟಣ್ ಬಡಿದರು. ಅಂಗಳದಿಂದ ನಲವತ್ತು ಕೋಳಿಗಳು ಎದ್ದುಬಿದ್ದು ಓಡಿಬಂದು, ಬಾಗಿಲ ಬಳಿಯ ಮೊದಲ ತೊಟ್ಟಿಗೇ ಒಂದರ ಮೇಲೊಂದು ಮುಗಿಬಿದ್ದವು. ಮಿಕ್ಕ ಒಂಬತ್ತರ ಹತ್ತಿರ ಒಂದೂ ಸುಳಿಯಲಿಲ್ಲ.

ಸೊಸೆ ನಾಚಿಕೆಯಿಂದ ಕುಗ್ಗಿಹೋಗಿ, ಕಾಳು ಬಾಚಲು ಎರಡನೆಯ ತೊಟ್ಟಿಗೆ ಬಗ್ಗಿದಳು.

"ಮುಟ್ಟಬೇಡಿ!"

ಆಕೆ ಬೆಚ್ಚಿ ಕೈ ಹಿಂದೆಗೆದಳು. ಅಧಿಕಾರಿ ಬಾಗಿಲ ತನಕ ಹಿಂದೆ ಸರಿದು, ಹತ್ತೂ ತೊಟ್ಟಿ ಕಾಣುವ ಹಾಗೆ ಫೋಟೋ ತೆಗೆದ. "ಒಂದು ತೊಟ್ಟಿಗೆ ಎಷ್ಟು ಕೋಳಿ?"

"ಮೂವತ್ತು ಸಾರ್."

"ಹತ್ತಕ್ಕೆ ಮುನ್ನೂರು. ಒಂಬತ್ತಕ್ಕೆ ತಿನ್ನೋಕೆ ಒಂದೂ ಇಲ್ಲ, ಇದೇ ಹಾನಿ" ಎನ್ನುತ್ತ ಆತ ಫೋನಿನಲ್ಲಿ ಒತ್ತಿದ. ಫೋಟೋ ಹೋಗಲು ಎಷ್ಟೋ ಹೊತ್ತು ಹಿಡಿಯಿತು. ಸೊಸೆ ಆತನ ಬೆರಳನ್ನೇ ನೋಡುತ್ತಿದ್ದಳು.

"ಹೋಯ್ತು. ಮೇಲಿನೋರು ಒಪ್ತಾರೋ ಇಲ್ವೋ, ನಾನಂತೂ ಕಂಡದ್ದನ್ನ ಬರೆದಿದ್ದೀನಿ." ಹೊರಡಲು ತಿರುಗಿದವನು ನಿಂತ. "ಅಲ್ಲಾ ಅಜ್ಜೀ, ಕೋಳಿ ಇಲ್ಲ ಅಂತ ಗೊತ್ತಿದ್ರೂ ಯಾಕೆ ಎಲ್ಲಕ್ಕೂ ತುಂಬಿಸ್ತೀರಿ?"

ಅತ್ತೆ ಬಕೆಟ್ ಕೆಳಗಿಟ್ಟು, ಸುಣ್ಣ ಮೆತ್ತಿದ ಅಂಗೈ ನೋಡಿಕೊಂಡರು.

"ನಂಗೆ ಗೊತ್ತಪ್ಪಾ. ಈ ಕೈಗೆ ಹೇಳೋಕೆ ಇನ್ನೂ ಧೈರ್ಯ ಬಂದಿಲ್ಲ."