ಕಂಚಿನ ರಾಜನ ಕಣ್ಣು

ಹುಣಸೆಹಣ್ಣು ಹಚ್ಚಿ ದೀಪ ತಿಕ್ಕುವಾಗ ಬೆರಳಿಗೆ ಹತ್ತುವ ಆ ಹುಳಿ ವಾಸನೆ ನನಗೆ ಇಂದಿಗೂ ಆಗುವುದಿಲ್ಲ.

ಹಳದೀಪುರದ ನಮ್ಮ ಮನೆಯ ಜಗಲಿಯಲ್ಲಿ ಒಬ್ಬ ರಾಜನ ಎದೆಯವರೆಗಿನ ಕಂಚಿನ ಮೂರ್ತಿ ಇತ್ತು. ದೂರದ ಊರಿನ ಹಳೇ ಅರಮನೆಯಲ್ಲಿ ಮುದಿ ರಾಣಿಯ ಆರೈಕೆಗೆ ನರ್ಸ್ ಆಗಿದ್ದ ಅತ್ತೆ, ಅಪ್ಪನ ತಂಗಿ, ಇದ್ದಕ್ಕಿದ್ದಂತೆ ಕೆಲಸ ಬಿಟ್ಟು ಬರುವಾಗ ಅದನ್ನು ತಂದಿದ್ದಳು. ಮತ್ತೆ ಹೋಗಲಿಲ್ಲ. ಮದುವೆಯ ಮಾತೆತ್ತಿದರೆ ಎದ್ದು ಹೋಗುತ್ತಿದ್ದಳು.

"ರಾಜರು ತಮ್ಮದೇ ಮೂರ್ತಿಯನ್ನ ಕೈಯಾರೆ ಕೊಟ್ಟದ್ದು. ಎಲ್ಲರಿಗೂ ಸಿಕ್ತದಾ?" ಎಂದು ಅಪ್ಪ ಬಂದವರಿಗೆಲ್ಲ ತೋರಿಸುತ್ತಿದ್ದ. ಅತ್ತೆ ಮಾತ್ರ ಅದರತ್ತ ನೋಡುತ್ತಿರಲಿಲ್ಲ. ಉಪ್ಪುಗಾಳಿಗೆ ಮುಖದ ತುಂಬ ಹಸಿರು ಕಿಲುಬು ಹತ್ತಿ ರಾಜನ ಕಣ್ಣುಗಳು ಮುಚ್ಚಿಹೋಗಿದ್ದವು.

ಚೌತಿಯ ಮುಂಚಿನ ಒಂದು ಮಧ್ಯಾಹ್ನ ಅಜ್ಜಿಯ ಜೊತೆ ಪಾತ್ರೆ ಬೆಳಗುತ್ತಿದ್ದ ನಾನು, ಅತ್ತೆಗೆ ಖುಷಿಯಾಗಲೆಂದು ರಾಜನನ್ನೂ ಹುಣಸೆಹಣ್ಣು, ಬೂದಿ ಹಾಕಿ ತಿಕ್ಕಿದೆ. ಮೊದಲು ಮೀಸೆ ಹೊಳೆಯಿತು. ಆಮೇಲೆ ಅವನು ಕಣ್ಣು ಬಿಟ್ಟಂತಾಯಿತು.

ಅತ್ತೆ ಬಾಗಿಲಲ್ಲೇ ನಿಂತಳು.

"ಕಣ್ಣು ಎಂತಕ್ಕೆ ತಿಕ್ಕಿದೆ, ಕೂಸೇ?"

"ಚಂದ ಕಾಣ್ಲಿ ಅಂತ" ಎಂದೆ.

ಅವಳು ಒಳಗಿನಿಂದ ಒಂದು ಲೋಟ ಹುಳಿ ಮಜ್ಜಿಗೆ ತಂದು, ಅದರಲ್ಲಿ ಬಟ್ಟೆ ಅದ್ದಿ, ಆ ಕಣ್ಣುಗಳ ಮೇಲೆ ಒತ್ತಿ ಒತ್ತಿ ಹಚ್ಚತೊಡಗಿದಳು.

"ಕಂಚಿಗೆ ಮಜ್ಜಿಗೆ ತಾಗಿದ್ರೆ ಕಿಲುಬು ಹಿಡಿತದೆ" ಎಂದು ನಮಗೆ ದಿನಾ ಬಯ್ಯುತ್ತಿದ್ದ ಅಜ್ಜಿ, ಅಂದು ಲೋಟ ಬರಿದಾದಾಗ ಮೆಲ್ಲಗೆ ಎದ್ದು ಹೋಗಿ, ಇನ್ನೊಂದು ಲೋಟ ಮಜ್ಜಿಗೆ ತಂದು ಮಗಳ ಪಕ್ಕದಲ್ಲಿಟ್ಟಳು.