ಅಲುಗದ ಚಮಚ

ಮೂರನೇ ಸಲವೂ ಚಮಚದ ನೀರು ಬಾಯಿ ಮುಟ್ಟಲಿಲ್ಲ, ಟೈಲರ್ ಮಾಸ್ತರರ ಅಂಗಿಯ ಮೇಲೆಯೇ ಚೆಲ್ಲಿತು. ಮಾಸ್ತರರು ಪೆಚ್ಚಾಗಿ ನಕ್ಕರು. "ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅಂತಾರಲ್ಲ ವಿಜ್ಞಾನಿಗಳೇ, ಅದು ನನ್ನ ನೋಡೇ ಹೇಳಿರ್ಬೇಕು."

"ಹಿಡಿ ಸ್ವಲ್ಪ ಸಡಿಲ ಬಿಡಿ ಮಾಸ್ಟ್ರೇ. ಮೊದಮೊದಲು ಹಾಗೇ ಆಗುತ್ತೆ," ಎಂದ ಅಣ್ಣ. ಮೇಜಿನ ತುದಿಯಲ್ಲಿ ತಂಗಿ ಡಬ್ಬಿಗಳಿಗೆ ವಿಳಾಸದ ಚೀಟಿ ಅಂಟಿಸುತ್ತಿದ್ದಳು.

ಕೈ ಎತ್ತ ನಡುಗುತ್ತದೋ ಅದಕ್ಕೆ ಎದುರಾಗಿ ಅಲುಗಿ, ತುದಿಯನ್ನು ನೆಟ್ಟಗೆ ಇಡುವ ಚಮಚ ಅದು. ಕೈ ನಡುಗುವ ಅಪ್ಪ ಅದರಲ್ಲಿ ಒಂದು ಹನಿಯೂ ಚೆಲ್ಲದೆ ನೀರು ಕುಡಿಯುವ ವಿಡಿಯೋ ನೋಡಿ, ಮುಖ ಪರಿಚಯವಿಲ್ಲದ ಮುನ್ನೂರ ನಲವತ್ತು ಜನ ಇಂಟರ್ನೆಟ್ಟಿನಲ್ಲಿ ಮುಂಗಡ ಕಟ್ಟಿದ್ದರು. ಈ ಕೋಣೆಯಲ್ಲೇ ಅಣ್ಣ ಮೋಟರು ಜೋಡಿಸಿದ, ತಂಗಿ ತಂತಿಗೆ ಬೆಸುಗೆ ಹಾಕಿದಳು. ಬೇರೆ ನಾಲ್ಕು ಜನರ ಕೈಗೂ ಕೊಟ್ಟು ನೋಡೋಣ ಎಂದು ಅವಳು ಒಮ್ಮೆ ಮೆಲ್ಲಗೆ ಅಂದಿದ್ದಳು. "ಮನೇಲೇ ನಡುಗೋ ಕೈ ಇರುವಾಗ ಊರೆಲ್ಲ ಯಾಕೆ ಹುಡುಕ್ಲಿ ಪುಟ್ಟಿ?" ಎಂದು ಅವನು ನಕ್ಕುಬಿಟ್ಟಿದ್ದ. ಮೊದಲ ನೂರು ಡಬ್ಬಿಗಳು ಇವತ್ತು ಹೊರಡಬೇಕಿತ್ತು. ಮುಂಗಡ ಕಟ್ಟಿದವರಲ್ಲಿ ಒಬ್ಬರಾದ, ಮನೆಯಲ್ಲಿ ಒಂಟಿಯಾಗಿರುವ ಮಾಸ್ತರರು, ಪಾರ್ಸಲ್ ಬರುವ ತನಕ ತಡೆಯಲಾರದೆ ಎರಡು ಬಸ್ಸು ಬದಲಿಸಿ ತಾವೇ ಬಂದಿದ್ದರು.

ಅಣ್ಣ ಚಮಚದ ಹಿಡಿ ಬಿಚ್ಚಿದ. ಬ್ಯಾಟರಿ ಸೆಲ್ಲು ಹೊರತೆಗೆದು ಮೇಜಿನ ಮೇಲಿಟ್ಟು ತಂತಿಗಳನ್ನು ಒಂದೊಂದಾಗಿ ಎಳೆದು ನೋಡಿದ. ಎಲ್ಲವೂ ಸರಿಯಾಗಿತ್ತು.

"ಬಿಡಪ್ಪ," ಎಂದು ಮಾಸ್ತರರು ಎದ್ದರು. "ಕುಣಿಯೋಕೆ ಬರದವಳು ನೆಲ ಡೊಂಕು ಅಂದ್ಲಂತೆ. ನಿನ್ನ ಚಮಚಕ್ಕೆ ಯಾಕೆ ಹೆಸರಿಡ್ಲಿ?"

"ಅಯ್ಯೋ, ಹೊರಡಬೇಡಿ, ಒಂದೇ ನಿಮಿಷ!" ಅಣ್ಣ ಗಡಿಬಿಡಿಯಲ್ಲಿ ಹಿಡಿಯನ್ನು ಮುಚ್ಚಿದ. "ಅಪ್ಪಾ, ಬಾ ಇಲ್ಲಿ. ಇವರಿಗೆ ಸ್ವಲ್ಪ ತೋರಿಸು."

ಅಪ್ಪ ಒಳಗಿನಿಂದ ಬಂದು ಕುಳಿತ. ಮೊಣಕೈಯನ್ನು ಪಕ್ಕೆಗೆ ಒತ್ತಿಕೊಂಡ, ಗದ್ದ ಇಳಿಸಿದ. ಚಮಚ ಬಟ್ಟಲಿಗಿಳಿದು ತುಂಬಿಕೊಂಡು ಮೇಲೆದ್ದಿತು. ಅದರಲ್ಲಿದ್ದ ನೀರು ಕದಲಲಿಲ್ಲ. ಎರಡನೇ ಸಲವೂ ಅಷ್ಟೇ.

"ನೋಡಿದ್ರಾ!" ಎಂದ ಅಣ್ಣ.

"ನೋಡಿದೆ," ಎಂದರು ಮಾಸ್ತರರು. ನಗು ಹೋಗಿತ್ತು. "ನಲವತ್ತು ವರ್ಷ ಸೂಜಿಗೆ ದಾರ ಪೋಣಿಸಿದ ಕೈ ಇದು. ಎಲ್ಲರ ಕೈಗೂ ಆಗೋದು ನನ್ನದಕ್ಕೆ ಆಗಲ್ಲ ಅಂದ್ರೆ, ಇದರ ಕಥೆ ಮುಗೀತು ಅಂತ."

ಅವರು ಚಪ್ಪಲಿ ಮೆಟ್ಟುವಾಗ ತಂಗಿಗೆ ಏನೋ ಕೊರತೆ ಅನ್ನಿಸಿತು. ಆ ಚಮಚ ಎಂದೂ ಸುಮ್ಮನಿರುತ್ತಿರಲಿಲ್ಲ, ಮೋಟರು ದುಂಬಿಯಂತೆ ಗುಂಯ್‌ಗುಡುತ್ತಿತ್ತು. ಈಗ ಸದ್ದೇ ಇಲ್ಲ. ಇಕ್ಕಳದ ಪಕ್ಕದಲ್ಲಿ ಸೆಲ್ಲು ಹಾಗೇ ಬಿದ್ದಿತ್ತು. ಅವಳು ಅಪ್ಪನ ಕಡೆ ನೋಡಿದಳು. ಕುತ್ತಿಗೆಯ ನರ ಉಬ್ಬಿತ್ತು. ಮೇಜಿನ ಕೆಳಗೆ ಎಡಗೈ ಮಂಡಿಯನ್ನು ಎಷ್ಟು ಬಿಗಿಯಾಗಿ ಹಿಡಿದಿತ್ತೆಂದರೆ, ಬೆರಳ ಗಿಣ್ಣುಗಳು ಬಿಳಿಚಿಕೊಂಡಿದ್ದವು.

ಸುಮ್ಮನಿದ್ದರೆ ಅಪ್ಪನ ಮಾನ ಉಳಿಯುತ್ತದೆ, ಡಬ್ಬಿಗಳು ಹೋಗುತ್ತವೆ. ಮುನ್ನೂರ ನಲವತ್ತು ಮನೆಗಳಲ್ಲಿ ಒಬ್ಬೊಬ್ಬರು ಕೂತು ತಮ್ಮ ಕೈಯನ್ನೇ ಶಪಿಸಿಕೊಳ್ಳುತ್ತಾರೆ. ಅವಳು ಸೆಲ್ಲನ್ನು ಎತ್ತಿ ಅಣ್ಣನ ಅಂಗೈಯಲ್ಲಿಟ್ಟಳು.

ಅಣ್ಣ ಸೆಲ್ಲನ್ನು ನೋಡಿದ, ಚಮಚವನ್ನು ನೋಡಿದ. ಆಮೇಲೆ ಅಪ್ಪನನ್ನು ನೋಡಿದ.

"ಯಾವಾಗಿಂದ ಅಪ್ಪ?"

ಅಪ್ಪ ಹಿಡಿದಿದ್ದ ಉಸಿರು ಬಿಟ್ಟ. "ಮೊದಲನೇ ದಿನ, ಅಪ್ಪನ ಕೈ ನಡುಗೋದು ನಿಂತಿತು ಅಂತ ಬೀದಿಗೆಲ್ಲ ಕೇಳೋ ಹಾಗೆ ಕೂಗಿದೆಯಲ್ಲ. ಅವತ್ತು ಹೇಗೋ ಉಸಿರು ಬಿಗಿ ಹಿಡಿದಿದ್ದೆ. ಆಮೇಲೆ ನಿನ್ನ ಮುಂದೆ ಚೆಲ್ಲೋ ಧೈರ್ಯ ಬರಲಿಲ್ಲ ಕಣೋ."

"ಒಂದು ವರ್ಷ?"

"ನೀವು ಏಳೋ ಮುಂಚೆ ಎದ್ದು ಅಭ್ಯಾಸ ಮಾಡ್ಕೊಳ್ತಿದ್ದೆ."

ಅಣ್ಣನ ಫೋನು ಹೊಡೆದುಕೊಂಡಿತು. ಪಾರ್ಸಲ್ ಗಾಡಿಯವನು, ಬರಲಾ ಎಂದು ಕೇಳುತ್ತಿದ್ದ. "ಇವತ್ತು ಬೇಡ," ಎಂದ ಅಣ್ಣ. ಗಾಡಿಯವನು ಇನ್ನೇನೋ ಕೇಳಿರಬೇಕು. "ನಾಳೆಯೂ ಬೇಡ," ಎಂದು ಫೋನನ್ನು ಮಗುಚಿಟ್ಟ.

ಹೊಸ್ತಿಲಲ್ಲಿ ಎಲ್ಲವನ್ನೂ ಕೇಳಿಸಿಕೊಂಡ ಮಾಸ್ತರರು ಚಪ್ಪಲಿ ಬಿಟ್ಟು ಒಳಗೆ ಬಂದು ಅಪ್ಪನ ಎದುರು ಕುಳಿತರು. "ಯಜಮಾನ್ರೇ, ಹಾಗಾದ್ರೆ ನನ್ನ ಕೈಗೂ ಆಗಬಹುದು. ಚಮಚ ಬೇಡ, ನೀವು ಮಾಡಿದ್ದನ್ನ ಹೇಳಿಕೊಡಿ. ಅದು ಹೇಗೆ ನಿಲ್ಲಿಸ್ತೀರಿ?"

ಇನ್ನು ಮುಚ್ಚಿಡುವುದಕ್ಕೇನೂ ಉಳಿದಿರಲಿಲ್ಲ. ಅಪ್ಪನ ಕೈಯಲ್ಲಿದ್ದ ಚಮಚ ಬಟ್ಟಲಿನ ಅಂಚಿಗೆ ಟಕಟಕ ಬಡಿಯುತ್ತಿತ್ತು. ಆತ ಸ್ವಲ್ಪ ಯೋಚಿಸಿದ.

"ಎದುರಿಗೆ ಮಗ ಕೂತಿರಬೇಕು," ಎಂದ. "ಒಬ್ಬನೇ ಕೂತಾಗ ನನಗೂ ಚೆಲ್ಲುತ್ತೆ."

ಮಾಸ್ತರರು ತಲೆ ತಗ್ಗಿಸಿ, ಒದ್ದೆ ಅಂಗಿಯಲ್ಲಿ ಬಿಚ್ಚಿಹೋಗಿದ್ದ ಒಂದು ಗುಂಡಿಯನ್ನು ಹಾಕಿಕೊಳ್ಳಲು ನೋಡಿದರು. ಅದು ಕಾಜದ ಸುತ್ತ ಅಲೆಯಿತೇ ಹೊರತು ಒಳಗೆ ಹೋಗಲಿಲ್ಲ.