ತೀರ್ಥ ಬಿದ್ದ ಎಣ್ಣೆಪುಡಿ

ತಾಯಾಣೆಗೂ ಇದು ನಡೆದದ್ದೇ. ಗಾಳಿ ತಾಗಿದರೆ ಕುಸುಬೆ ಎಣ್ಣೆ ಮೇಲಕ್ಕೆ ಹಾರುತ್ತದೆಂದು ನಿಮಗೂ ಗೊತ್ತು. ಅದಕ್ಕೇ ನಮ್ಮ ಗಿರಣಿಯಲ್ಲಿ ಅದನ್ನು ಗೋಂದಿನ ನೀರಿಗೆ ಕಲಸಿ, ಬಿಸಿಗಾಳಿಗೆ ಸಿಂಪಡಿಸಿ, ಹನಿಹನಿಗೂ ಗೋಂದಿನ ಸಿಪ್ಪೆ ಕಟ್ಟಿ ಪುಡಿ ಮಾಡುತ್ತೇವೆ. ಆ ಪುಡಿಗೆ ನೀರು ಸೋಕಬಾರದು.

ಇವತ್ತು ಆಯುಧಪೂಜೆ. ನನ್ನ ಹೆಂಡತಿ ಶಂಕ್ರವ್ವ ಗಿರಣಿಯ ಅಂಗಳದಲ್ಲಿ ಪುಡಿಯ ಚೀಲದ ಮೇಲೆ ಕೂತು ಚೆಂಡುಹೂ ಪೋಣಿಸುತ್ತಿದ್ದಳು. ಯಂತ್ರಕ್ಕೆ ತೀರ್ಥ ಚಿಮುಕಿಸಿದ ಹೊಸ ಪೂಜಾರಿ, ಉಳಿದದ್ದನ್ನು ಚೀಲಕ್ಕೇ ಸುರಿದುಬಿಟ್ಟ. ಸಿಪ್ಪೆ ಕರಗಿತು, ಶಂಕ್ರವ್ವನ ಸಮೇತ ಚೀಲ ಮೇಲಕ್ಕೆದ್ದಿತು.

“ಹಿಡೀರಿ ನನ್ನ! ಗಿಡದ ತುದಿ ದಾಟೀನಿ!”

“ಜಿಗೀಬ್ಯಾಡ, ಹಗ್ಗ ಹಿಡ್ಕೋ!” ಎಂದು ಒಂದು ತುದಿ ನಾನು ಹಿಡಿದು ಇನ್ನೊಂದನ್ನು ಎಸೆದೆ.

“ದೇವ್ರ ಎತ್ಕೊಂಡಾನ, ಪುಣ್ಯವಂತಿ!” ಎಂದು ಪೂಜಾರಿ ಕೈಮುಗಿದ.

ಹಗ್ಗವೇನೋ ಹಿಡಿದಳು. ಈಗ ನನ್ನ ಹಿಮ್ಮಡಿಗಳೂ ನೆಲ ಬಿಡುತ್ತಿವೆ. ನಗಬೇಡಿ ಅಣ್ಣಾ, ನಿಮ್ಮದು ಹೋಳಿಗೆ ಉಂಡ ಮೈ. ಕತೆ ಪುಕ್ಕಟೆ ಕೇಳಿದಿರಿ, ಬಂದು ನನ್ನ ಸೊಂಟಕ್ಕೆ ಜೋತುಬೀಳಿ.